ಹೋಂ ನರ್ಸ್ ಯಾಕೆ ನಿಲ್ಲುವುದಿಲ್ಲ? ಮೊದಲು ನೇಮಕಾತಿ ಪತ್ರ ನೋಡಿ

ಬಣಕಲ್, ಕೊಟ್ಟಿಗೆಹಾರ, ಕಳಸದ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಹಾಸಿಗೆ ಹಿಡಿದ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸಲು, ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡಲು ಏಜೆನ್ಸಿಯಿಂದ ಬಂದ ಹೋಂ ನರ್ಸ್ ಬೇಕು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು, ಕರೆಂಟೂ ಇಲ್ಲದಾದಾಗ ಆ ಮನೆಗೆ ಆಕೆಯೇ ದಿಕ್ಕು. ಆದರೆ ಒಳ್ಳೆಯವರು ನಿಲ್ಲುವುದೇ ಇಲ್ಲ ಎಂಬುದು ಮನೆಯವರ ದೂರು. ಏಜೆನ್ಸಿಯವರ ದೂರೂ ಅದೇ.

ಒಂಟಿತನ, ಊರಿನಿಂದ ದೂರ, ಸಿಗದ ನೆಟ್‌ವರ್ಕ್ ಎಲ್ಲವೂ ಕಾರಣಗಳೇ. ಅವುಗಳ ಜತೆಗೆ ಕಾನೂನಿಗೆ ಸಂಬಂಧಿಸಿದ ಕಾರಣವೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ದೊಡ್ಡ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಕಾಯಂ ಕಾರ್ಮಿಕಳಿಗೆ ಪಿಎಫ್, ಬೋನಸ್, ಗ್ರಾಚ್ಯುಟಿಯ ಹಕ್ಕು ಇದೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ವಸತಿ, ವೈದ್ಯಕೀಯ ಸೌಲಭ್ಯದ ಹೊಣೆಯೂ ಮಾಲೀಕರ ಮೇಲಿದೆ. ಅದೇ ಎಸ್ಟೇಟಿನ ಬಂಗಲೆಯೊಳಗೆ ರಾತ್ರಿ ಹಗಲು ರೋಗಿಯ ಪಕ್ಕದಲ್ಲಿರುವ ಹೋಂ ನರ್ಸ್ ಕೈಯಲ್ಲಿ ಎಷ್ಟೋ ಸಲ ಒಂದು ಚೀಟಿಯೂ ಇರುವುದಿಲ್ಲ. ನಾಳೆಯ ಭರವಸೆ ಇಲ್ಲದ ಕಡೆ ಸಂಬಳ ಸಾವಿರ ರೂಪಾಯಿ ಹೆಚ್ಚು ಸಿಗುವಲ್ಲಿಗೆ ಹೋಗುವುದು ಸಹಜ.

ಮೊದಲು ಬಗೆಹರಿಯಬೇಕಾದ ಪ್ರಶ್ನೆ: ಆಕೆಯ ಮಾಲೀಕರು ಯಾರು? ತಾವು ಜನ ಒದಗಿಸುವವರಷ್ಟೇ, ಸಂಬಳ ಮನೆಯವರದು ಎಂದು ಹೇಳಿ ಕೆಲವು ಏಜೆನ್ಸಿಗಳು ಕೈತೊಳೆದುಕೊಳ್ಳುತ್ತವೆ. ನ್ಯಾಯಾಲಯಗಳು ಇಂಥ ಹೇಳಿಕೆಯನ್ನು ಹಾಗೆಯೇ ಒಪ್ಪುವುದಿಲ್ಲ. ಆಯ್ಕೆ ಮಾಡಿದವರು ಯಾರು, ಹಣ ಯಾರ ಕೈಯಿಂದ ಬರುತ್ತದೆ, ಬೇರೆ ಮನೆಗೆ ಕಳಿಸುವ, ಕೆಲಸದಿಂದ ತೆಗೆಯುವ ಅಧಿಕಾರ ಯಾರದು ಎಂದು ನೋಡುತ್ತವೆ. ಮನೆಯವರು ತಿಂಗಳ ಹಣವನ್ನು ಏಜೆನ್ಸಿಗೆ ಕಟ್ಟಿ, ಏಜೆನ್ಸಿ ತನ್ನ ಪಾಲು ಹಿಡಿದು ಸಂಬಳ ಕೊಡುತ್ತಿದ್ದರೆ ಆಕೆ ಏಜೆನ್ಸಿಯ ನೌಕರಳು ಎಂದು ವಾದಿಸಲು ಗಟ್ಟಿ ಆಧಾರವಿದೆ. ಬ್ಯಾಂಕ್ ಪಾಸ್‌ಬುಕ್, ಡ್ಯೂಟಿಗೆ ಕಳಿಸಿದ ವಾಟ್ಸಾಪ್ ಸಂದೇಶ, ಹಾಜರಿಯ ಫೋಟೋ ಎಲ್ಲವೂ ಸಾಕ್ಷ್ಯ. ಯಾವುದನ್ನೂ ಅಳಿಸಬಾರದು.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುವ ಊರುಗಳಲ್ಲಿ ಕಚೇರಿ ಇಟ್ಟಿರುವ ಏಜೆನ್ಸಿ ನೋಂದಣಿ ಮಾಡಿಸಬೇಕು, ಕೆಲಸಕ್ಕೆ ಸೇರಿದ 30 ದಿನದೊಳಗೆ ಲಿಖಿತ ನೇಮಕಾತಿ ಪತ್ರ ಕೊಡಬೇಕು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಮೀರಿದರೆ ದುಪ್ಪಟ್ಟು ದರ, ವಾರಕ್ಕೊಂದು ರಜೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿನ ಸಂಬಳ ಕೊಡದೆ ತೆಗೆಯುವಂತಿಲ್ಲ. 24 ಗಂಟೆ ಡ್ಯೂಟಿಗೆ ಒಬ್ಬಳನ್ನೇ ಕಳಿಸಿ ತಿಂಗಳುಗಟ್ಟಲೆ ರಜೆ ಕೊಡದ ಪದ್ಧತಿಗೆ ಈ ನಿಯಮಗಳಲ್ಲಿ ಜಾಗವೇ ಇಲ್ಲ. ಬದಲಿ ವ್ಯಕ್ತಿಯ ಖರ್ಚನ್ನು ಮನೆಯವರಿಗೆ ಮೊದಲೇ ಹೇಳಿ ಲೆಕ್ಕಕ್ಕೆ ಸೇರಿಸುವುದೇ ಪ್ರಾಮಾಣಿಕ ದಾರಿ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷದವರೆಗೆ ಅವಕಾಶವಿದೆ. 10 ಅಥವಾ ಹೆಚ್ಚು ನೌಕರರಿದ್ದರೆ 21,000 ರೂ.ವರೆಗಿನ ಸಂಬಳದವರಿಗೆ ಇಎಸ್‌ಐ. 16,000 ರೂ. ಸಂಬಳಕ್ಕೆ ನೌಕರಳ ಪಾಲು 120 ರೂ., ಏಜೆನ್ಸಿಯದು 520 ರೂ. ಅಷ್ಟೇ. ಗ್ರಾಚ್ಯುಟಿಯೂ ಅಷ್ಟೇ ಮುಖ್ಯ: ಕೊನೆಯ ವೇತನ 13,000 ರೂ. ಇದ್ದು ಐದು ವರ್ಷ ದುಡಿದಿದ್ದರೆ 37,500 ರೂ. ಬರುತ್ತದೆ. ನಿಗದಿತ ಅವಧಿಯ ಒಪ್ಪಂದದವರಿಗೆ ಒಂದು ವರ್ಷದ ಸೇವೆ ಸಾಕು. ಈ ಮೊತ್ತವನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ಕೊಡುವ ಏಜೆನ್ಸಿಯನ್ನು ಬಿಟ್ಟುಹೋಗುವ ಮುನ್ನ ಯಾರೇ ಆದರೂ ಎರಡು ಸಲ ಯೋಚಿಸುತ್ತಾರೆ.

ಕೆಲವು ಏಜೆನ್ಸಿಗಳು ಬೇರೆಯೇ ದಾರಿ ಹಿಡಿಯುತ್ತವೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವುದು, ಮೊದಲ ತಿಂಗಳ ಸಂಬಳವನ್ನು ಡೆಪಾಸಿಟ್ ಎಂದು ಹಿಡಿಯುವುದು, ಬಿಟ್ಟುಹೋದರೆ ದಂಡ ಎಂದು ಬಾಂಡ್ ಬರೆಸುವುದು. ಬಾಂಡ್ ಬಗ್ಗೆ ಒಂದು ಮಾತು ಸ್ಪಷ್ಟವಾಗಬೇಕು. ವಿಜಯ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ 14ರಂದು, ಮೂರು ವರ್ಷಕ್ಕೆ ಮೊದಲೇ ರಾಜೀನಾಮೆ ಕೊಟ್ಟ ಅಧಿಕಾರಿ 2 ಲಕ್ಷ ರೂ. ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಹಾಗೆಂದು ಎಲ್ಲ ಬಾಂಡೂ ಸಿಂಧುವಲ್ಲ. ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕ್, ಖರ್ಚಿನ ನೇಮಕಾತಿ ಪ್ರಕ್ರಿಯೆ, ಒಳ್ಳೆಯ ಸಂಬಳದ ಹುದ್ದೆ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ನ್ಯಾಯಯುತ ಪರಿಹಾರವನ್ನೇ ಹೊರತು ಬರೆದಷ್ಟೂ ದಂಡವನ್ನಲ್ಲ. ತರಬೇತಿಯನ್ನೇ ಕೊಡದ ಏಜೆನ್ಸಿಗೆ ದೊಡ್ಡ ಮೊತ್ತ ಕೇಳಲು ಬಲವಾದ ಕಾರಣ ಸಿಗುವುದು ಕಷ್ಟ. ಬಿಟ್ಟ ಮೇಲೆ ಬೇರೆಲ್ಲೂ ಇದೇ ಕೆಲಸ ಮಾಡಬಾರದೆಂಬ ಷರತ್ತು ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಅಸಿಂಧು.

ಹೆಣ್ಣುಮಕ್ಕಳು ಕಾರಣ ಹೇಳದೆ ಕೆಲಸ ಬಿಡುವುದರ ಹಿಂದೆ ಕೆಲವೊಮ್ಮೆ ಮನೆಯ ಗಂಡಸರ ನಡತೆ ಇರುತ್ತದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳವೆಂದೇ ಕರೆದಿದೆ. ದೂರು ಕೊಡಲು ಮೂರು ತಿಂಗಳ ಅವಧಿ. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು. 10 ಅಥವಾ ಹೆಚ್ಚು ನೌಕರರಿರುವ ಏಜೆನ್ಸಿಯಲ್ಲಿ ಆಂತರಿಕ ಸಮಿತಿ ಇರಬೇಕು, ಉಳಿದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಬಂದ ಮನೆಗೆ ಮತ್ತೊಬ್ಬಳನ್ನು ಕಳಿಸುವ ಏಜೆನ್ಸಿ ತನ್ನ ಕರ್ತವ್ಯ ಮರೆತಿದೆ ಎಂದೇ ಅರ್ಥ.

ಮನೆಯವರಿಗೂ ಹಕ್ಕಿದೆ. ಮುಂಗಡ ಪಡೆದು ಜನ ಕಳಿಸದ, ಒಪ್ಪಿದ ಬದಲಿ ಕೊಡದ ಏಜೆನ್ಸಿಯ ಮೇಲೆ ಎರಡು ವರ್ಷದೊಳಗೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂ. ದಾಟದಿದ್ದರೆ ಶುಲ್ಕವಿಲ್ಲ.

ಏಜೆನ್ಸಿಯೇ ಇಲ್ಲದೆ ನೇರವಾಗಿ ಮನೆಯವರೇ ಇಟ್ಟುಕೊಂಡವರ ಸ್ಥಿತಿ ಇನ್ನೂ ನಾಜೂಕು. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು. ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನಿನ ಬಗ್ಗೆ ಸಮಿತಿ ರಚಿಸಿ ಪರಿಶೀಲಿಸಲು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ಕೇಂದ್ರಕ್ಕೆ ಸೂಚಿಸಿತು. ಇಂಥವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳುವುದನ್ನು ಮುಂದೂಡಬಾರದು.

ಸಂಬಳ ಬಾಕಿಗೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಮೂಡಿಗೆರೆ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.