ಕಣ್ಣು ಮತ್ತು ಪ್ರಮಾಣ: ಪ್ರತ್ಯಕ್ಷಸಾಕ್ಷಿಯ ವಿಶ್ವಾಸಾರ್ಹತೆ

‘ಸಾಕ್ಷಿ’ ಎಂಬ ಶಬ್ದದೊಳಗೇ ‘ಅಕ್ಷಿ’ ಇದೆ. ಕಣ್ಣಾರೆ ಕಂಡವನೇ ಸಾಕ್ಷಿ. ಆದರೆ ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಆ ಕಣ್ಣನ್ನೂ ಪರೀಕ್ಷೆಗೆ ಒಡ್ಡುತ್ತದೆ. ಅಪರಿಚಿತ ಅಪರಾಧಿಯನ್ನು ಗುರುತಿಸುವಾಗ ಈ ಎಚ್ಚರ ಎಷ್ಟು ಅಗತ್ಯವೆಂಬುದಕ್ಕೆ ಲಂಡನ್ನಿನ ಅಡಾಲ್ಫ್ ಬೆಕ್ ಪ್ರಕರಣವು ಉತ್ತಮ ನಿದರ್ಶನ.

ಬೆಕ್ ನಾರ್ವೆ ದೇಶದವನು. ಸಿರಿವಂತನ ಸೋಗಿನಲ್ಲಿ ಸ್ತ್ರೀಯರ ಒಡವೆಗಳನ್ನು ಅಪಹರಿಸಿದನೆಂಬ ಆರೋಪದ ಮೇಲೆ 1896ರಲ್ಲಿ ಆತನಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ವಂಚಿತರಾದ ಹಲವರು ಒಬ್ಬರ ತರುವಾಯ ಒಬ್ಬರು ‘ಇವನೇ ಅವನು’ ಎಂದು ನುಡಿದಿದ್ದರು. ಇದೇ ಬಗೆಯ ವಂಚನೆಗಾಗಿ 1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನವನಿಗೆ ಶಿಕ್ಷೆಯಾಗಿತ್ತು. ಎರಡೂ ಕೃತ್ಯಗಳು ಒಬ್ಬನವೇ, ಆಗ ಬೆಕ್ ದಕ್ಷಿಣ ಅಮೆರಿಕದಲ್ಲಿದ್ದನು ಎಂದು ತೋರಿಸಲು ಪ್ರತಿವಾದಿ ವಕೀಲರಿಗೆ ಅವಕಾಶ ದೊರೆಯಲಿಲ್ಲ. 1898ರಲ್ಲಿ ಸೆರೆಮನೆಯ ದಾಖಲೆಗಳಲ್ಲಿನ ದೇಹಲಕ್ಷಣಗಳೇ ಬೆಕ್ ಮತ್ತು ಸ್ಮಿತ್ ಬೇರೆಬೇರೆಯೆಂದು ತೋರಿಸಿದರೂ ತೀರ್ಪು ಕದಲಲಿಲ್ಲ. 1901ರಲ್ಲಿ ಬಿಡುಗಡೆಯಾದವನು 1904ರಲ್ಲಿ ಅದೇ ಬಗೆಯ ಸಾಕ್ಷ್ಯದಿಂದ ಮತ್ತೆ ದೋಷಿಯೆನಿಸಿದನು. ಅದೇ ವರ್ಷ ನಿಜವಾದ ವಂಚಕನು ಸಿಕ್ಕಿಬಿದ್ದುದರಿಂದ ಬೆಕ್‌ನಿಗೆ ಮುಕ್ತಿ ದೊರೆಯಿತು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವನ್ನು ಸ್ಥಾಪಿಸಿದ 1907ರ ಕಾಯಿದೆಗೆ ಈ ಪ್ರಕರಣವು ಪ್ರೇರಕವಾಯಿತು.

ಇಲ್ಲಿ ಗಮನಿಸಬೇಕಾದುದು, ಆ ಸ್ತ್ರೀಯರು ಸುಳ್ಳಾಡಲಿಲ್ಲ ಎಂಬುದನ್ನು. ಪಾಟೀಸವಾಲು ಸುಳ್ಳನ್ನು ಬಯಲಿಗೆಳೆಯಬಲ್ಲದು. ಪ್ರಾಮಾಣಿಕವಾದ ತಪ್ಪಿನ ಮುಂದೆ ಅದು ಬಹುಮಟ್ಟಿಗೆ ಸೋಲುತ್ತದೆ. ಸ್ಮರಣೆ ಛಾಯಾಚಿತ್ರವಲ್ಲ. ಭಯ, ಮಂದಬೆಳಕು, ಕಳೆದ ಕಾಲ ಇವೆಲ್ಲ ಅದನ್ನು ಮಸುಕುಗೊಳಿಸುತ್ತವೆ. ಒಮ್ಮೆ ‘ಇವನೇ’ ಎಂದು ತೋರಿಸಿದ ಬಳಿಕ, ಕಂಡ ಮುಖದ ಸ್ಥಾನದಲ್ಲಿ ತೋರಿಸಿದ ಮುಖವೇ ನೆಲೆಗೊಳ್ಳುವುದುಂಟು. ಆದುದರಿಂದ ಸಾಕ್ಷಿಯ ದೃಢತೆ ಸತ್ಯದ ಅಳತೆಗೋಲಾಗದು.

ಭಾರತದಲ್ಲಿ ಗುರುತು ಪತ್ತೆ ಪೆರೇಡಿನ ಉದ್ದೇಶವೂ ಈ ಪರೀಕ್ಷೆಯೇ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ, ಹೋಲುವ ರೂಪದ ಇತರರ ನಡುವೆ ಆರೋಪಿಯನ್ನು ನಿಲ್ಲಿಸಲಾಗುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 9ನೆಯ ಪ್ರಕರಣದ ಆಶ್ರಯದಲ್ಲಿ ಬೆಳೆದ ಈ ಪದ್ಧತಿಗೆ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ಆಧಾರ. ಪೆರೇಡು ಸ್ವತಂತ್ರ ಸಾಕ್ಷ್ಯವಲ್ಲ. ನ್ಯಾಯಾಲಯದಲ್ಲಿ ನೀಡುವ ಗುರುತಿಗೆ ಪೂರಕ ಮಾತ್ರ. ಆದರೆ ಕಟಕಟೆಯಲ್ಲಿ ನಿಂತವನನ್ನು ಗುರುತಿಸುವುದು ಸುಲಭ, ಏಕೆಂದರೆ ಅಲ್ಲಿ ಆಯ್ಕೆಯೇ ಇಲ್ಲ. ಪೆರೇಡಿಗೆ ಮುನ್ನವೇ ಆರೋಪಿಯನ್ನೋ ಆತನ ಭಾವಚಿತ್ರವನ್ನೋ ತೋರಿಸಿದ್ದರೆ ಆ ಪರೀಕ್ಷೆಯೂ ನಿಷ್ಫಲ.

ಸಾಕ್ಷಿಯು ಸತ್ಯವಂತನೇ ಎಂಬುದು ಒಂದು ಪ್ರಶ್ನೆ. ಆತನು ಕಂಡುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಉತ್ತರವೆಂದು ಬಗೆದುದರಿಂದ ಬೆಕ್ ಸೆರೆಮನೆ ಸೇರಿದನು. ಗಾದೆಯಲ್ಲಿನ ‘ಪ್ರಮಾಣಿಸಿ’ ಎಂಬ ಪದವು ಈ ಅಂತರವನ್ನೇ ನೆನಪಿಸುತ್ತದೆ.