ಹಳೆಯ ಸ್ನಾನಗೃಹದ ನವೀಕರಣ: ಒಡೆಯುವ ಮೊದಲು ಅಳೆಯಿರಿ

ಬೆಂಗಳೂರಿನ ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳಲ್ಲಿಯೂ ಮೈಸೂರಿನ ಹಳೆಯ ಬಡಾವಣೆಗಳಲ್ಲಿಯೂ 1950 ಮತ್ತು 1960ರ ದಶಕಗಳಲ್ಲಿ ಕಟ್ಟಿದ ಮನೆಗಳು ಇನ್ನೂ ಸಾಕಷ್ಟು ಉಳಿದಿವೆ. ಅವುಗಳ ಸ್ನಾನಗೃಹಗಳನ್ನು ನಮ್ಮ ಸ್ಯಾನಿಟರಿ ವರ್ತಕರು ಕಣ್ಣು ಮುಚ್ಚಿಕೊಂಡೇ ವರ್ಣಿಸಬಲ್ಲರು. ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ಎದೆಯೆತ್ತರದವರೆಗೆ ಬಿಳಿ, ತಿಳಿ ಹಸಿರು ಅಥವಾ ನಸುಗೆಂಪು ಬಣ್ಣದ ಆರಿಂಚಿನ ಹೊಳಪು ಟೈಲ್ಸ್, ಅದರ ಮೇಲಂಚಿಗೆ ಒಂದು ಕಪ್ಪು ಪಟ್ಟಿ, ಗೋಡೆಯ ಹೊರಮೈಯಲ್ಲೇ ಹಾದುಹೋಗುವ ಜಿ.ಐ. ಪೈಪು, ಸರಪಳಿ ಎಳೆಯುವ ಬೀಡುಕಬ್ಬಿಣದ ಸಿಸ್ಟರ್ನ್, ಮೂಲೆಯಲ್ಲಿ ಹಂಡೆಯ ಒಲೆ.

ಕೆಲವು ವರ್ಷಗಳ ಹಿಂದಿನವರೆಗೆ ಇಂತಹ ಮನೆಯವರು ಅಂಗಡಿಗೆ ಬಂದರೆ ನಮ್ಮ ಉತ್ತರ ಒಂದೇ ಆಗಿರುತ್ತಿತ್ತು: ‘ಎಲ್ಲ ಕಿತ್ತು ಹೊಸದು ಹಾಕಿಸಿ.’ ಈಗ ಆ ಮನೆಗಳ ಮೂರನೆಯ ತಲೆಮಾರು ಬಂದು ‘ಹಳೆಯ ಚಹರೆ ಹಾಗೆಯೇ ಇರಲಿ, ಆದರೆ ನೀರು ಚೆನ್ನಾಗಿ ಬರಬೇಕು’ ಎಂದು ಕೇಳುತ್ತಿದೆ. ಈ ಬೇಡಿಕೆಯನ್ನು ಪೂರೈಸುವ ವಿಧಾನ ತಿಳಿಯದ ಕಾರಣ ವ್ಯಾಪಾರ ಕೈತಪ್ಪುತ್ತಿರುವುದನ್ನು ಈ ಲೇಖಕ ಕಣ್ಣಾರೆ ಕಂಡಿದ್ದಾನೆ. ಪರಿಚಿತರ ಮನೆಯೊಂದರಲ್ಲಿ ನಲ್ಲಿಯ ಹಿಂದೆ ಸಣ್ಣ ಸೋರಿಕೆಯಿತ್ತು. ಅಂಗಡಿಯವರು ಕಳಿಸಿದ ಕೆಲಸಗಾರ ಹೊಸ ಪೈಪನ್ನು ಗೋಡೆಯೊಳಗೆ ಹುದುಗಿಸಲು ಟೈಲ್ಸ್ ಒಡೆದ. ಆ ಹಸಿರು ಬಣ್ಣದ ಟೈಲ್ ಊರಿನ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ಒಂದು ಗೋಡೆಗಾಗಿ ನಾಲ್ಕೂ ಗೋಡೆ ಹೋದವು. ಅಂಗಡಿಯವರಿಗೆ ಆ ದಿನ ದೊಡ್ಡ ಬಿಲ್ಲು ಆಯಿತು, ನಿಜ. ಆದರೆ ಆ ಮನೆಯವರಾಗಲಿ ಅವರ ನೆಂಟರಾಗಲಿ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಇಲ್ಲಿ ಗಮನಿಸಬೇಕಾದ ಮೂಲ ಅಂಶವೆಂದರೆ, ಹಳೆಯ ಸ್ನಾನಗೃಹದಲ್ಲಿ ಆಯುಷ್ಯ ಮುಗಿದಿರುವುದು ನೀರಿನ ಪೈಪು, ಕೊಳಚೆಯ ಪೈಪು ಮತ್ತು ವಿದ್ಯುತ್ ತಂತಿಗಳದ್ದು. ಕಣ್ಣಿಗೆ ಕಾಣುವ ಟೈಲ್ಸ್, ಬೇಸಿನ್, ಹಿತ್ತಾಳೆಯ ನಲ್ಲಿಗಳು ಬಹುಪಾಲು ಇನ್ನೂ ಗಟ್ಟಿಯಾಗಿವೆ. ಆದುದರಿಂದ ಹಿನ್ನೆಲೆಯಲ್ಲಿರುವುದನ್ನು ಬದಲಿಸಿ ಮುನ್ನೆಲೆಯಲ್ಲಿರುವುದನ್ನು ಉಳಿಸುವುದೇ ಈ ಕೆಲಸದ ಕ್ರಮ.

ಮೊದಲು ನೀರಿನ ವಿಷಯ. ಜಿ.ಐ. ಪೈಪಿನ ಒಳಗಿನ ಸತುವಿನ ಲೇಪನ ಸವೆದಮೇಲೆ ತುಕ್ಕು ಹಾಗೂ ಗಡಸು ನೀರಿನ ಸುಣ್ಣ ಪದರಗಟ್ಟಿ ರಂಧ್ರ ಕಿರಿದಾಗುತ್ತದೆ. ಮನೆಯವರು ‘ಪ್ರೆಶರ್ ಇಲ್ಲ’ ಎನ್ನುವುದಕ್ಕೆ ಅನೇಕ ಸಲ ಕಾರಣ ಇಷ್ಟೇ. ಇದಕ್ಕೆ ಸಿ.ಪಿ.ವಿ.ಸಿ. ಪೈಪು (ಐ.ಎಸ್. 15778) ಸೂಕ್ತ, ಬಿಸಿನೀರನ್ನೂ ತಡೆಯುತ್ತದೆ. ಆದರೆ ಅರ್ಧ ಇಂಚಿನ ಜಿ.ಐ. ಪೈಪಿನ ಒಳವ್ಯಾಸ ಸುಮಾರು 16 ಮಿ.ಮೀ. ಆದರೆ ಅದೇ ಅರ್ಧ ಇಂಚಿನ ಹೆಸರಿನಲ್ಲಿ ಮಾರುವ ಸಿ.ಪಿ.ವಿ.ಸಿ. ಪೈಪಿನದು ಸುಮಾರು 12 ಮಿ.ಮೀ. ಮಾತ್ರ. ನೀರಿನ ದಾರಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಳೆಯ ಮನೆಗಳಲ್ಲಿ ಟ್ಯಾಂಕು ತಾರಸಿಯ ಮೇಲೆಯೇ ಇರುತ್ತದೆ. ಶವರಿಗೂ ಅದಕ್ಕೂ ಎರಡು ಎರಡೂವರೆ ಮೀಟರಿನ ಅಂತರ. ಒಂದು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಸುಮಾರು 0.1 ಬಾರ್. ಆದ್ದರಿಂದ ಇಂತಹ ಮನೆಗೆ ಮುಕ್ಕಾಲು ಇಂಚಿನ ಪೈಪನ್ನೇ ಕೊಡಬೇಕು. ಇದೇ ಕಾರಣಕ್ಕೆ ಹೊಸ ಮಾದರಿಯ ಅಗಲವಾದ ಶವರುಗಳು, ಮಿಕ್ಸರುಗಳು ಅಲ್ಲಿ ಸೋಲುತ್ತವೆ. ಅವುಗಳಲ್ಲಿ ಹಲವಕ್ಕೆ ಅರ್ಧ ಬಾರಿಗಿಂತ ಹೆಚ್ಚಿನ ಒತ್ತಡ ಬೇಕು. ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಕನಿಷ್ಠ ಒತ್ತಡವನ್ನು ಓದದೆ ಮಾರಿದ ಶವರ್ ವಾಪಸು ಬಂದರೆ ತಪ್ಪು ಗ್ರಾಹಕನದ್ದಲ್ಲ.

ಹೊಸ ಪೈಪನ್ನು ಗೋಡೆಯೊಳಗೆ ಹುದುಗಿಸುವ ಅಗತ್ಯವೂ ಇಲ್ಲ. ಆ ಕಾಲದ ಮನೆಗಳಲ್ಲಿ ಪೈಪು ಹೊರಗೇ ಇದ್ದುದು. ಹಳೆಯ ಕ್ಲಾಂಪುಗಳ ಜಾಗದಲ್ಲಿಯೇ ಹೊಸ ಕ್ಲಾಂಪು ಕೂರಿಸಿದರೆ ಒಂದು ಟೈಲೂ ಒಡೆಯದು, ಹಳೆಯ ನೋಟವೂ ಕೆಡದು. ಮನೆಯ ಹೊರಗೋಡೆಯ ಮೇಲೆ ಒಯ್ಯುವುದಾದರೆ ಬಿಸಿಲಿಗೆ ಸಿ.ಪಿ.ವಿ.ಸಿ. ಪೆಡಸಾಗುವುದರಿಂದ ಬಣ್ಣ ಬಳಿಯಬೇಕು. ಹಳೆಯ ಲೋಹದ ನಲ್ಲಿಗೆ ಜೋಡಿಸುವಲ್ಲಿ ಹಿತ್ತಾಳೆಯ ಮರೆಯಿರುವ ಫಿಟ್ಟಿಂಗನ್ನೇ ಬಳಸಬೇಕು. ಬರಿಯ ಪ್ಲಾಸ್ಟಿಕ್ ಮರೆ ಬಿಗಿ ಮಾಡುವಾಗಲೇ ಸೀಳುವುದುಂಟು.

ಇನ್ನು ಅಳತೆ. ಮೆಟ್ರಿಕ್ ಪದ್ಧತಿಯ ಕಾನೂನು ಬಂದುದು 1956ರಲ್ಲಿ. ಬಳಕೆಗೆ ಬಂದುದು ಹಂತಹಂತವಾಗಿ. ಹೀಗಾಗಿ ಈ ಸ್ನಾನಗೃಹಗಳು ಇಂಚಿನಲ್ಲಿ ಹುಟ್ಟಿದವು. ಆರಿಂಚಿನ ಟೈಲ್ ಎಂದರೆ 152.4 ಮಿ.ಮೀ. ಇಂದಿನ 150 ಮಿ.ಮೀ. ಟೈಲನ್ನು ಅದರ ಸಾಲಿನಲ್ಲಿ ಕೂರಿಸಿದರೆ ಹತ್ತು ಟೈಲಿಗೆ 24 ಮಿ.ಮೀ. ವ್ಯತ್ಯಾಸ, ಸಂದುಗಳು ಒಂದಕ್ಕೊಂದು ಕೂಡುವುದಿಲ್ಲ. ಬಣ್ಣ ಹೊಂದಿದರೂ ಕಣ್ಣಿಗೆ ಕುಂದು ಕಾಣುತ್ತದೆ. ಅನುಭವಿ ಗಾರೆ ಕೆಲಸದವರು ಇದಕ್ಕೊಂದು ಉಪಾಯ ಬಲ್ಲರು: ಬಾಗಿಲ ಹಿಂದಿನ ಅಥವಾ ಬೇಸಿನ್ನಿನ ಕೆಳಗಿನ ಹಳೆಯ ಟೈಲನ್ನು ಜೋಪಾನವಾಗಿ ಬಿಡಿಸಿ ಎದ್ದು ಕಾಣುವ ಜಾಗಕ್ಕೆ ಹಾಕುವುದು, ಹೊಸದನ್ನು ಮರೆಯ ಜಾಗಕ್ಕೆ ಹಾಕುವುದು. ನಮ್ಮ ಸುದೈವಕ್ಕೆ ಪೈಪಿನ ಮರೆಗಳು ಮಾತ್ರ ಬದಲಾಗಿಲ್ಲ. ಅರ್ಧ ಇಂಚಿನ ಬಿ.ಎಸ್.ಪಿ. ಮರೆ ಅಂದಿಗೂ ಇಂಚಿಗೆ 14 ಸುತ್ತು, ಇಂದಿಗೂ ಅಷ್ಟೇ. ಅರವತ್ತು ವರ್ಷದ ನಲ್ಲಿ ಇಂದಿನ ಪೈಪಿಗೆ ಕೂರುತ್ತದೆ.

ಸಣ್ಣ ಉತ್ಪಾದಕರಿಗೆ ಅವಕಾಶವಿರುವುದು ಈ ನಲ್ಲಿಗಳಲ್ಲಿಯೇ. ಅಂದಿನ ಬಿಬ್ ಕಾಕ್, ಪಿಲ್ಲರ್ ಕಾಕ್‌ಗಳು ಭಾರವಾದ ಹಿತ್ತಾಳೆಯವು. ಅವುಗಳಲ್ಲಿ ಸವೆಯುವುದು ವಾಷರ್, ಸ್ಪಿಂಡಲ್, ಸೀಟ್ ಮತ್ತು ಮೇಲಿನ ಕ್ರೋಮಿಯಂ ಲೇಪನ. ಹಳೆಯ ಒಡಲಿಗೆ ಕೂರುವ ಸ್ಪಿಂಡಲ್‌ಗಳನ್ನು ನಾಲ್ಕಾರು ಅಳತೆಗಳಲ್ಲಿ ತಿರುಗಿಸಿಕೊಡಲು ಒಂದು ಲೇತ್ ಸಾಕು. ಇದೆಲ್ಲ ಜಾಮ್‌ನಗರದಿಂದಲೇ ಬರಬೇಕೆಂದೇನೂ ಇಲ್ಲ. ಪೀಣ್ಯದ ಸಣ್ಣ ಘಟಕವೂ ಮಾಡಬಲ್ಲುದು. ಮರು ಲೇಪನದ ಕೆಲಸ ಹಿಡಿಯುವವರು ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯನ್ನೂ ತ್ಯಾಜ್ಯ ನೀರಿನ ಸಂಸ್ಕರಣೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕ್ರೋಮಿಯಂ ಚರಂಡಿಗೆ ಬಿಡುವಂತಹ ವಸ್ತುವಲ್ಲ.

ಶೌಚಾಲಯದ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತಿದೆ. ನೀರು ಉಳಿಸುವ ಉದ್ದೇಶದಿಂದ ಹಳೆಯ ಬಟ್ಟಲನ್ನು ಹಾಗೆಯೇ ಬಿಟ್ಟು 3 ಮತ್ತು 6 ಲೀಟರಿನ ಹೊಸ ಸಿಸ್ಟರ್ನ್ ಜೋಡಿಸುತ್ತಾರೆ. ಹಳೆಯ ಬಟ್ಟಲಿನ ರಚನೆ 10 ಲೀಟರ್ ಅಥವಾ ಅದಕ್ಕೂ ಹೆಚ್ಚಿನ ನೀರಿಗೆ, ಅದೂ ತಲೆಯ ಮೇಲಿನಿಂದ ರಭಸವಾಗಿ ಬೀಳುವ ನೀರಿಗೆ ತಕ್ಕುದು. ಕಡಿಮೆ ನೀರಿಗೆ ಅದು ಶುದ್ಧವಾಗದು; ಎರಡೆರಡು ಸಲ ಎಳೆದು ಉಳಿತಾಯವೂ ಹೋಯಿತು, ಕೊಳವೆಯೂ ಕಟ್ಟಿಕೊಂಡಿತು. ಒಂದೋ ಎರಡನ್ನೂ ಬದಲಿಸಬೇಕು, ಇಲ್ಲವೇ ಹಳೆಯ ಸಿಸ್ಟರ್ನಿನ ಸೋರಿಕೆಯನ್ನು ಸರಿಪಡಿಸಿ ಬಿಡಬೇಕು. ಹೊಸ ಬಟ್ಟಲು ಮಾರುವ ಮುನ್ನ ಗೋಡೆಯಿಂದ ಕೊಳವೆಯ ಮಧ್ಯಕ್ಕೆ ಇರುವ ದೂರವನ್ನು ಕೇಳಿ ಬರೆದುಕೊಳ್ಳಬೇಕು.

ಕೊಳಚೆ ಮತ್ತು ಗಾಳಿ ಪೈಪುಗಳಲ್ಲಿ ಆ ಕಾಲದ ಕೆಲವು ಕಲ್ನಾರು ಸಿಮೆಂಟಿನವು. ಅವನ್ನು ಒಣಗಿದ್ದಾಗ ಗರಗಸದಿಂದ ಕುಯ್ದರೆ ಎದ್ದ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಸೇರುತ್ತದೆ. ಅದರ ಕೇಡು ದಶಕಗಳ ನಂತರ ತೋರುತ್ತದೆ. ಸಾಧ್ಯವಾದಷ್ಟೂ ಕುಯ್ಯದೆ, ನೀರಿನಲ್ಲಿ ನೆನೆಸಿ ಇಡಿಯಾಗಿ ಬಿಚ್ಚಿಸಬೇಕು. ತಾನು ಕಳಿಸುವ ಕೆಲಸಗಾರನಿಗೆ ಇಷ್ಟು ಹೇಳುವುದು ವರ್ತಕನ ಕರ್ತವ್ಯ.

ನೆಲದ ಬಗೆಗೆ ಹೇಳುವುದು ಸ್ವಲ್ಪ. ಆ್ಯಸಿಡ್ ಬಾಟಲಿ ಮಾರಬೇಡಿ. ರೆಡ್ ಆಕ್ಸೈಡ್ ನೆಲವೂ ಮೊಸಾಯಿಕ್ ನೆಲವೂ ಸಿಮೆಂಟಿನವು. ಮೊಸಾಯಿಕ್‌ನಲ್ಲಿ ಅಮೃತಶಿಲೆಯ ಚೂರುಗಳೂ ಇರುತ್ತವೆ. ಆ್ಯಸಿಡ್ ಇವೆರಡನ್ನೂ ತಿನ್ನುತ್ತದೆ. ಹೊಳಪು ಹೋದ ಮೊಸಾಯಿಕನ್ನು ಯಂತ್ರದಿಂದ ಮತ್ತೆ ಉಜ್ಜಿಸಬಹುದು. ರೆಡ್ ಆಕ್ಸೈಡಿಗೆ ತೇಪೆ ಹಾಕಿದರೆ ಎದ್ದು ಕಾಣುವುದರಿಂದ ಸಣ್ಣ ಬಿರುಕುಗಳನ್ನು ಹಾಗೆಯೇ ಬಿಡುವುದು ಲೇಸು.

ಹಂಡೆಯ ಜಾಗಕ್ಕೆ ಗೀಸರ್ ಬಂದ ಮನೆಗಳಲ್ಲಿ ತಂತಿ ಬದಲಾಗಿದೆಯೇ ಎಂಬುದನ್ನು ನೋಡಲೇಬೇಕು. ಮರದ ಪಟ್ಟಿಯ ಮೇಲೆ ಓಡಿಸಿದ ಹಳೆಯ ತಂತಿಗೆ ಅನೇಕ ಕಡೆ ಅರ್ಥಿಂಗ್ ಇಲ್ಲ. ಎರಡು ಕಿಲೋವಾಟ್ ಗೀಸರಿಗೆ ಪ್ರತ್ಯೇಕ ತಂತಿ, 16 ಆ್ಯಂಪಿಯರ್ ಸಾಕೆಟ್, 30 ಮಿಲಿಆ್ಯಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು. ಇಲ್ಲಿ ಹಳೆಯ ಚಹರೆಯ ಮಾತೇ ಇಲ್ಲ.

ಹಳೆಯ ಬಣ್ಣಕ್ಕೆ ಮಾರುಕಟ್ಟೆ ಇದೆಯೇ ಎಂದು ಕೇಳುವವರಿಗೆ ಅಮೆರಿಕದ ಒಂದು ನಿದರ್ಶನ. ಅಲ್ಲಿನ ಕೋಹ್ಲರ್ ಕಂಪನಿ ಬಣ್ಣದ ಸ್ನಾನಗೃಹ ಸಾಮಗ್ರಿಗಳನ್ನು 1927ರಲ್ಲಿ ಆರಂಭಿಸಿತು. 2023ರಲ್ಲಿ ತನ್ನ 150ನೆಯ ವರ್ಷಕ್ಕೆ ಸಾರ್ವಜನಿಕರಿಂದ ಮತ ಪಡೆದು ಎರಡು ಹಳೆಯ ಬಣ್ಣಗಳನ್ನು ಮತ್ತೆ ಹೊರತಂದಿತು. ಒಂದು ತಿಳಿ ಹಸಿರು, ಇನ್ನೊಂದು ನಸುಗೆಂಪು. ನಮ್ಮಲ್ಲಿ ಮೋರ್ಬಿಯ ದೊಡ್ಡ ಕಾರ್ಖಾನೆಗಳು ಇನ್ನೂರು ಟೈಲಿಗಾಗಿ ಗೂಡು ಹೊತ್ತಿಸಲಾರವು. ಆದರೆ ತಮಿಳುನಾಡಿನ ಆತಂಗುಡಿಯಲ್ಲಿ ಗಾಜಿನ ಮೇಲೆ ಎರಕ ಹೊಯ್ದು, ಸುಡದೆಯೇ ಸಿಮೆಂಟ್ ಟೈಲುಗಳನ್ನು ಕೈಯಿಂದ ಮಾಡುವವರು ಇದ್ದಾರೆ. ನೆಲಕ್ಕೆ ಸಣ್ಣ ಪ್ರಮಾಣದಲ್ಲಿ ಬೇಕಾದರೆ ಇಂತಹ ಮೂಲಗಳನ್ನು ವಿಚಾರಿಸಬಹುದು.

ಗೋಡೆಯ ಟೈಲಿಗೆ ಹೆಚ್ಚು ಸುಲಭವಾದ ದಾರಿ ನಮ್ಮ ಗೋದಾಮಿನಲ್ಲಿಯೇ ಇದೆ. ಪೂರ್ತಿ ಕಿತ್ತುಹಾಕುವ ಮನೆಗಳಿಂದ ದಿನವೂ ಆರಿಂಚಿನ ಟೈಲ್ಸ್, ಹಿತ್ತಾಳೆಯ ನಲ್ಲಿ, ಬೇಸಿನ್ನಿನ ಬ್ರ್ಯಾಕೆಟ್‌ಗಳು ಮಣ್ಣಿನ ಲಾರಿ ಸೇರುತ್ತಿವೆ. ಅವನ್ನು ಬಿಡಿಸಿ ತರುವವನಿಗೆ ಒಂದಿಷ್ಟು ಕೂಲಿ ಕೊಟ್ಟು, ತೊಳೆದು, ಪೆಟ್ಟಿಗೆಯ ಮೇಲೆ ಬಣ್ಣ, ದಪ್ಪ ಮತ್ತು ಇಂಚಿನ ಅಳತೆ ಬರೆದಿಟ್ಟರೆ, ಹಸಿರು ಟೈಲಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಊರೆಲ್ಲ ಅಲೆಯುತ್ತಿರುವ ಮನೆಯವರು ಆ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುತ್ತಾರೆ.