ತಕ್ಕಡಿಗೆ ಸಿಗದ ಬೆಲೆ

2009ರ ಮಾರ್ಚ್ 5ರಂದು ನ್ಯೂಯಾರ್ಕಿನ ಆಂಟಿಕೋರಮ್ ಹರಾಜು ಸಂಸ್ಥೆಯಲ್ಲಿ ಕೆಲವೇ ವಸ್ತುಗಳ ಒಂದು ಗುಂಪು ಸವಾಲಿಗೆ ಬಂತು: ಬೆಳ್ಳಿ ಕವಚದ ಒಂದು ಝೆನಿತ್ ಕಿಸೆ ಗಡಿಯಾರ, ದುಂಡನೆಯ ಕನ್ನಡಕ, ಒಂದು ಜೊತೆ ಚಪ್ಪಲಿ, ಒಂದು ಬಟ್ಟಲು, ಒಂದು ತಟ್ಟೆ. ಎಲ್ಲವೂ ಗಾಂಧೀಜಿ ಬಳಸಿದ್ದವು. ಸಂಸ್ಥೆಯವರು ಅಂದಾಜು ಮಾಡಿದ್ದ ಬೆಲೆ 20,000ದಿಂದ 30,000 ಡಾಲರ್. ಹರಾಜು ತಡೆಯಲು ದೆಹಲಿ ಹೈಕೋರ್ಟು ಆದೇಶ ಕೊಟ್ಟಿತ್ತು, ಮಾರುವ ಜೇಮ್ಸ್ ಓಟಿಸ್ ಕೊನೆಯ ಗಳಿಗೆಯಲ್ಲಿ ವಸ್ತುಗಳನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಿದ್ದರು. ಆದರೂ ಕೂಗು ನಿಲ್ಲಲಿಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಪರವಾಗಿ ಬಂದವರು 18 ಲಕ್ಷ ಡಾಲರಿಗೆ ಅವನ್ನು ಗೆದ್ದರು.

ಆ ಗಡಿಯಾರವನ್ನು ಬೆಳ್ಳಿ ಕೆಲಸದ ಊರಾದ ಹುಪರಿಯ ತಕ್ಕಡಿಯಲ್ಲಿ ಇಟ್ಟಿದ್ದರೆ?

ಅಂಥ ಗಡಿಯಾರದ ಕವಚದಲ್ಲಿ ಸಾಮಾನ್ಯವಾಗಿ ಇರುವುದು ನಲವತ್ತು–ಐವತ್ತು ಗ್ರಾಂ ಬೆಳ್ಳಿ. ಆ ತಿಂಗಳ ಪೇಟೆ ದರಕ್ಕೆ ಲೆಕ್ಕ ಹಾಕಿದರೆ ಸಾವಿರ ರೂಪಾಯಿಯ ಆಸುಪಾಸು. ಒಳಗಿನ ಚಕ್ರ, ಕಮಾನು, ಗಾಜು ಎಲ್ಲವನ್ನೂ ಬಿಚ್ಚಿ ಪಕ್ಕಕ್ಕಿಟ್ಟು ಕವಚವನ್ನಷ್ಟೇ ತೂಗುತ್ತಾರೆ. ಹುಪರಿಯವರಿಗೆ ಬೆಳ್ಳಿ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನ ಈ ಊರು ಬದುಕಿದ್ದೇ ಬೆಳ್ಳಿಯ ಮೇಲೆ. ಇಲ್ಲಿಯ ಕಾಲ್ಗೆಜ್ಜೆ, ಪೈಂಜಣ, ಉಡಿದಾರಗಳು ಉತ್ತರ ಭಾರತದ ಪೇಟೆಗಳಿಗೂ ತಮಿಳುನಾಡಿಗೂ ಹೋಗುತ್ತವೆ. ಒಂದು ಮನೆಯಲ್ಲಿ ತಂತಿ ಎಳೆದರೆ ಇನ್ನೊಂದರಲ್ಲಿ ಕೊಂಡಿ ಬೆಸೆಯುತ್ತಾರೆ, ಮತ್ತೊಂದರಲ್ಲಿ ಹೆಣ್ಣುಮಕ್ಕಳು ಗೆಜ್ಜೆ ಪೋಣಿಸುತ್ತಾರೆ. ಮನೆಮಾತು ಕನ್ನಡವಾದ ಜೈನ, ಲಿಂಗಾಯತ ಕುಟುಂಬಗಳು ಅಂಗಡಿಯಲ್ಲಿ ಮರಾಠಿ, ಊಟದ ಪಂಕ್ತಿಯಲ್ಲಿ ಕನ್ನಡ ಆಡುವ ಸೀಮೆ ಇದು. ಕರ್ನಾಟಕದ ನಿಪ್ಪಾಣಿ, ಕಾರದಗಾ ಗಡಿಯಾಚೆ ಹತ್ತಿರದಲ್ಲೇ ಇವೆ.

ಈ ಸೀಮೆಯ ಬೆಳ್ಳಿ ಮನೆಗಳ ಜೊತೆಗಿನ ನಂಟಿನಿಂದಲೂ ಹಳೆಯ ಗಡಿಯಾರ, ನಾಣ್ಯಗಳ ಮೇಲಿನ ಪ್ರೀತಿಯಿಂದಲೂ ನಾನು ಹಲವು ವರ್ಷ ಕರಗಿಸುವ ಭಟ್ಟಿ ಮತ್ತು ಹರಾಜು ಮಂಟಪ ಎರಡನ್ನೂ ನೋಡುತ್ತ ಬಂದಿದ್ದೇನೆ. ಒಂದೇ ವಸ್ತುವಿಗೆ ಎರಡು ಕಡೆ ಎರಡು ಪ್ರಶ್ನೆ ಕೇಳುತ್ತಾರೆ. ಹುಪರಿಯ ಹಿರಿಯ ವ್ಯಾಪಾರಿಯೊಬ್ಬರು ಅದನ್ನು ನನಗಿಂತ ಚೆನ್ನಾಗಿ ಹೇಳಿದರು. ಒಂದು ಹಳೆಯ ಸರಪಳಿ ಗಡಿಯಾರವನ್ನು ಅಂಗೈಯಲ್ಲಿ ತೂಗಿ ನೋಡಿ, "ಇದರಾಗ ಬೆಳ್ಳಿ ಎಷ್ಟೈತಿ ಅನ್ನೂದು ನಾ ಹೇಳ್ತೀನ್ರಿ. ಇದು ಯಾರದಿತ್ತು ಅನ್ನೂದು ನೀವು ಹೇಳ್ರಿ" ಎಂದರು. ನನಗೆ ಹೇಳಲು ಏನೂ ಇರಲಿಲ್ಲ. ತಂದವರೂ ಏನೂ ಹೇಳಿರಲಿಲ್ಲ. ಆ ಗಡಿಯಾರ ಬೆಳ್ಳಿಯ ಬೆಲೆಗೇ ಹೋಯಿತು.

ಯಾರದು ಎಂಬುದಕ್ಕೆ ಉತ್ತರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 2020ರ ಆಗಸ್ಟಿನ ಒಂದು ಘಟನೆ ಸಾಕ್ಷಿ. ಇಂಗ್ಲೆಂಡಿನ ಈಸ್ಟ್ ಬ್ರಿಸ್ಟಲ್ ಆಕ್ಷನ್ಸ್ ಎಂಬ ಸಣ್ಣ ಸಂಸ್ಥೆಯ ಅಂಚೆ ಪೆಟ್ಟಿಗೆಯಲ್ಲಿ ಯಾರೋ ಒಂದು ಲಕೋಟೆ ಹಾಕಿ ಹೋಗಿದ್ದರು. ಒಳಗಿದ್ದದ್ದು ಚಿನ್ನದ ಲೇಪದ ಒಂದು ಕನ್ನಡಕ, ಅದು ಗಾಂಧೀಜಿಯದು ಎಂದು ಬರೆದ ಚೀಟಿ. ಉಪಯೋಗವಿಲ್ಲದಿದ್ದರೆ ಎಸೆದುಬಿಡಿ ಎಂದೂ ಮಾರುವವರು ಹೇಳಿದ್ದರಂತೆ. ಸಂಸ್ಥೆ ವಿಚಾರಿಸಿತು. ಅವರ ಚಿಕ್ಕಪ್ಪನೊಬ್ಬರು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ಕೆಲಸದಲ್ಲಿದ್ದಾಗ ಅದು ಕೈಗೆ ಬಂದಿತ್ತು ಎಂಬ ಮನೆಯ ಕಥೆ ಕಾಲಕ್ಕೆ, ಸ್ಥಳಕ್ಕೆ ಹೊಂದಿಕೊಂಡಿತು. ಹದಿನೈದು ಸಾವಿರ ಪೌಂಡ್ ಬಂದರೆ ಹೆಚ್ಚು ಎಂದುಕೊಂಡಿದ್ದ ಕನ್ನಡಕ 2,60,000 ಪೌಂಡಿಗೆ ಹೋಯಿತು. ಮನೆಯವರ ನೆನಪು ಒಂದು ಚೀಟಿಯಲ್ಲಿ ಉಳಿದಿತ್ತು. ಆ ಚೀಟಿ ಇಲ್ಲದಿದ್ದರೆ ಅದು ಹಳೆಯ ಕನ್ನಡಕವಷ್ಟೇ.

ಟಿಪ್ಪುವಿನ ಖಡ್ಗದ ಮಾತೂ ಇದೇ. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್‌ನಲ್ಲಿ ಟಿಪ್ಪು ಸುಲ್ತಾನನ ಶಯನಗೃಹದ ಖಡ್ಗ 1.4 ಕೋಟಿ ಪೌಂಡ್ ದಾಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಜನರಲ್ ಡೇವಿಡ್ ಬೇರ್ಡನಿಗೆ ಒಪ್ಪಿಸಿದ ಸಂಗತಿ ಖಡ್ಗದ ಮೇಲಿನ ಬರಹದಲ್ಲೇ ಇದೆ. ನಮ್ಮ ನೆಲದಿಂದ ಲೂಟಿಯಾಗಿ ಹೋದ ವಸ್ತುವಿನ ಬೆಲೆಯನ್ನು ಆ ಲೂಟಿಯ ದಾಖಲೆಯೇ ಏರಿಸುತ್ತದೆ. ಕನ್ನಡಿಗನಾಗಿ ಆ ಸುದ್ದಿ ಓದುವಾಗ ಹೊಟ್ಟೆ ಉರಿಯುತ್ತದೆ. ಆದರೆ ದಾಖಲೆ ಇಟ್ಟವರು ಲೂಟಿ ಮಾಡಿದವರೇ ಎಂಬುದನ್ನೂ ಒಪ್ಪಲೇಬೇಕು.

ಹುಪರಿಗೆ ಹಳೆಯ ಬೆಳ್ಳಿ ಬರುವುದು ಬಗೆಬಗೆಯ ರೂಪದಲ್ಲಿ. ಸವೆದ ಗೆಜ್ಜೆ, ಮುರಿದ ಕುಂಕುಮದ ಬಟ್ಟಲು, ಸೊಟ್ಟಗಾದ ಪಂಚಪಾತ್ರೆ, ಇವುಗಳ ನಡುವೆ ಬ್ರಿಟಿಷ್ ಕಾಲದ ರೂಪಾಯಿಗಳೂ ಇರುತ್ತವೆ. ಕರಗಿಸುವವರಿಗೆ ಆ ರೂಪಾಯಿ ಬಲು ಪ್ರಿಯ. ತೂಕ 11.66 ಗ್ರಾಂ, ನೂರಕ್ಕೆ 91.6 ಭಾಗ ಬೆಳ್ಳಿ, ಟಂಚ, ಅಂದರೆ ಬೆಳ್ಳಿಯ ಶುದ್ಧತೆ, ನೋಡುವ ಗೋಜೇ ಬೇಡ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ 1940ರಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಅದಕ್ಕಿಂತ ಹಿಂದಿನ ನಾಣ್ಯ ಬಂದರೆ ನೇರ ಮೂಸೆಗೆ. ಇಸವಿ ಓದುವವರು ಕಡಿಮೆ.

ಇಸವಿ ಓದಬೇಕು ಎಂಬುದು ನನಗೆ ಮನದಟ್ಟಾದದ್ದು 1911ರ ರೂಪಾಯಿಯಿಂದ. ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗ ಅಚ್ಚಾದ ಹೊಸ ನಾಣ್ಯದಲ್ಲಿ ದೊರೆಯ ನಿಲುವಂಗಿಯ ಮೇಲೆ ಪುಟ್ಟ ಆನೆಯ ಚಿತ್ರವಿತ್ತು. ಸೊಂಡಿಲು ತೀರಾ ಗಿಡ್ಡವಾಗಿ, ಆನೆ ಹಂದಿಯಂತೆ ಕಂಡಿತು. ಮುಸ್ಲಿಮರು ಆ ರೂಪಾಯಿ ಮುಟ್ಟಲು ಒಪ್ಪಲಿಲ್ಲ. ಅಚ್ಚಾಗಿದ್ದ 94 ಲಕ್ಷದಷ್ಟು ನಾಣ್ಯಗಳಲ್ಲಿ ಹೊರಗೆ ಬಂದದ್ದು ಸುಮಾರು 7 ಲಕ್ಷ; ಉಳಿದದ್ದನ್ನು ಟಂಕಸಾಲೆಯೇ ಕರಗಿಸಿತು. ಮರುವರ್ಷ ಸೊಂಡಿಲು ಉದ್ದವಾಯಿತು. ಹಾಗಾಗಿ 1911ರ ರೂಪಾಯಿ, 1912ರ ರೂಪಾಯಿ ತೂಕದಲ್ಲಿ ಒಂದೇ, ಟಂಚದಲ್ಲಿ ಒಂದೇ, ನಾಣ್ಯದ ಹರಾಜಿನಲ್ಲಿ ಮಾತ್ರ ಬೇರೆಬೇರೆ ದರ್ಜೆ. ಭಟ್ಟಿಯ ಮುಂದೆ ರಾಶಿ ಬಿದ್ದ ರೂಪಾಯಿಗಳನ್ನು ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು ಆ ಇಸವಿಯನ್ನು. ಬೆಳ್ಳಿಯ ದರ ಏರಿದಾಗ ಅಂಥದ್ದು ಕರಗಿಹೋದೀತು ಎಂಬ ಆತಂಕ ಇನ್ನೂ ಹೆಚ್ಚು. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ದೆಸೆಯಿಂದ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಜಗತ್ತಿನಾದ್ಯಂತ ಹಳೆಯ ಬೆಳ್ಳಿ ಸಾಮಾನು ಮೂಸೆ ಸೇರಿತು. 2025ರಲ್ಲಿ ನಮ್ಮಲ್ಲಿ ಕಿಲೋ ಬೆಳ್ಳಿ ಲಕ್ಷ ರೂಪಾಯಿ ದಾಟಿ ಓಡಿದಾಗ ಅಟ್ಟದ ಮೇಲಿದ್ದದ್ದೆಲ್ಲ ಮತ್ತೆ ಕೆಳಗಿಳಿಯಿತು.

ಕಿಸೆ ಗಡಿಯಾರಗಳಿಗೂ ಇಂಥ ಗುರುತುಗಳಿವೆ. ಸ್ವಿಟ್ಜರ್ಲೆಂಡಿನ ಕಾನೂನಿನಂತೆ 1882ರಿಂದ ಅಲ್ಲಿಯ ಬೆಳ್ಳಿ ಕವಚದ ಒಳಗೆ ಮುದ್ರೆ ಒತ್ತುತ್ತಿದ್ದರು: ಸಾವಿರಕ್ಕೆ 800 ಭಾಗ ಬೆಳ್ಳಿ ಇದ್ದರೆ ಕಾಡುಕೋಳಿ, 875 ಇದ್ದರೆ ಕರಡಿ. ಮುಂದೆ 935ಕ್ಕೆ ಮೂರು ಕರಡಿಗಳು ಬಂದವು. ಸಾಸಿವೆಯಷ್ಟು ಚಿಕ್ಕ ಚಿತ್ರ, ಭೂತಗನ್ನಡಿ ಬೇಕೇ ಬೇಕು. ಹುಪರಿಯ ಕುಶಲಿ ಒರೆಗಲ್ಲಿನಲ್ಲಿ ಕಂಡುಕೊಳ್ಳುವ ಟಂಚವನ್ನೇ ಈ ಮುದ್ರೆ ಹೇಳುತ್ತದೆ. ಜೊತೆಗೆ ದೇಶವನ್ನೂ ಕಾಲವನ್ನೂ ಹೇಳುತ್ತದೆ. ಡಯಲಿನ ಮೇಲೆ ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ, ಕಲ್ಕತ್ತಾ ಎಂದಿದ್ದರೆ ಅದು ಭಾರತದ ಪೇಟೆಗೆಂದೇ ಸ್ವಿಸ್ಸರು ಮಾಡಿ ಕಳಿಸಿದ ಗಡಿಯಾರ. ಇಂಥದ್ದನ್ನು ಕೈಗೆತ್ತಿಕೊಂಡ ಕೂಡಲೇ ಅಂಟುವಾಳದ ನೊರೆಯಲ್ಲಿ ಅದ್ದಿ ಹಿತ್ತಾಳೆ ಬ್ರಶ್ಶಿನಿಂದ ಉಜ್ಜುವುದು ನಮ್ಮ ಕಡೆಯವರ ಕೈಗುಣ. ಹೊಸ ಗೆಜ್ಜೆಗೆ ಅದು ಸರಿ. ಹಳೆಯ ಕವಚಕ್ಕೆ ಉಜ್ಜು ಬಿದ್ದಷ್ಟೂ ಕೆತ್ತನೆಯ ಏಣು ಸವೆಯುತ್ತದೆ, ಮುದ್ರೆ ಮಸುಕಾಗುತ್ತದೆ, ಬಣ್ಣಗಟ್ಟಿದ ಮೈ ಹೋಗುತ್ತದೆ. ಸಂಗ್ರಾಹಕರು ಬಯಸುವುದು ಆ ಮೈಯನ್ನೇ. ಫಳಫಳ ಹೊಳೆಯುವ ನೂರು ವರ್ಷದ ಗಡಿಯಾರವನ್ನು ಕಂಡರೆ ಅವರು ಅನುಮಾನ ಪಡುತ್ತಾರೆ.

ಗೋಡೆ ಗಡಿಯಾರಗಳ ಕಥೆ ಇನ್ನೂ ದೊಡ್ಡದು. ಇಚಲಕರಂಜಿ, ಗಡಹಿಂಗ್ಲಜದ ಕಡೆಯ ಹಳೆಯ ವಾಡೆಗಳಲ್ಲಿ, ಪೇಟೆಯ ಅಂಗಡಿಗಳಲ್ಲಿ ಟೋಲು ಹೊಡೆಯುವ ಲೋಲಕದ ಗಡಿಯಾರ ಒಂದು ಕಾಲದ ಪ್ರತಿಷ್ಠೆ. ಜರ್ಮನಿಯ ಶ್ರಾಂಬರ್ಗ್ ಊರಿನ ಯುಂಗ್‌ಹಾನ್ಸ್ ಆದರೆ ನಕ್ಷತ್ರದ ಗುರುತು, ಹ್ಯಾಂಬರ್ಗ್ ಅಮೆರಿಕನ್ ಆದರೆ ಅಡ್ಡಡ್ಡ ಇಟ್ಟ ಎರಡು ಬಾಣ. ಗುಸ್ತಾವ್ ಬೆಕರ್ ಗಡಿಯಾರದ ಹಿಂಬದಿಯ ಫಲಕದಲ್ಲಿ ನಂಬರು ಇರುತ್ತದೆ. ಆ ಕಾರ್ಖಾನೆಯ ನಂಬರು 1875ರ ಸುಮಾರಿಗೆ ಒಂದು ಲಕ್ಷ, 1892ರ ಸುಮಾರಿಗೆ ಹತ್ತು ಲಕ್ಷ ಮುಟ್ಟಿದ್ದರಿಂದ ಗಡಿಯಾರ ಹುಟ್ಟಿದ ಕಾಲವನ್ನು ಹೆಚ್ಚುಕಡಿಮೆ ಹೇಳಬಹುದು. ಅಮೆರಿಕದ ಅನ್ಸೋನಿಯಾ, ಸೇತ್ ಥಾಮಸ್ ಕೂಡ ಬಂದಿದ್ದವು. ಹೆಸರು ಓದಿ ಹಿಗ್ಗುವ ಮೊದಲು ಪೆಟ್ಟಿಗೆಯ ಹಿಂಹಲಗೆ ನೋಡಬೇಕು. ಈಗಿನ ಯಂತ್ರಕ್ಕೆ ಬೇಕಿಲ್ಲದ ಸ್ಕ್ರೂ ತೂತುಗಳು ಅಲ್ಲಿದ್ದರೆ, ಲೋಲಕದ ಬಿಲ್ಲೆ ಪೆಟ್ಟಿಗೆಯ ತಳಕ್ಕೆ ತಾಗುವಂತಿದ್ದರೆ, ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂರಿಸಿದ್ದಾರೆ ಎಂದು ತಿಳಿಯಬೇಕು. ಅದು ಸರಿಯಾದ ಹೊತ್ತನ್ನೇ ತೋರಿಸಬಹುದು, ಮನೆಯಲ್ಲಿ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹರಾಜಿನಲ್ಲಿ ಮಾತ್ರ ಬೆಲೆ ಬಹಳ ಕೆಳಗೆ ಬೀಳುತ್ತದೆ.

ಡಯಲಿಗೆ ಹೊಸ ಬಣ್ಣ ಹಾಕಿಸುವುದೂ ಹಾಗೆಯೇ. ನಮ್ಮ ಕರ್ನಾಟಕದ ಎಚ್‌ಎಂಟಿಯೇ ಇದಕ್ಕೆ ಒಳ್ಳೆಯ ನಿದರ್ಶನ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕೆಲಸ ಶುರುವಾಯಿತು; 2016ರಲ್ಲಿ ತುಮಕೂರು ಕಾರ್ಖಾನೆ ಬಾಗಿಲು ಮುಚ್ಚಿತು. ಮುಚ್ಚುವ ಸುದ್ದಿ ಬರುತ್ತಲೇ ಜನತಾ, ಪೈಲಟ್, ಕಾಂಚನ ಮಾದರಿಗಳಿಗೆ ಬೇಡಿಕೆ ಎದ್ದಿತು. ಬೇಡಿಕೆಯ ಬೆನ್ನಲ್ಲೇ ಹಳೆಯ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಡಯಲು ಜೋಡಿಸಿದ ಗಡಿಯಾರಗಳೂ ಪೇಟೆ ತುಂಬಿದವು. ಎಚ್‌ಎಂಟಿ ಎಂದೂ ತಯಾರಿಸದ ಬಣ್ಣಗಳು ಅವುಗಳಲ್ಲಿವೆ. ಅಸಲಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಲು ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಒಳ್ಳೆಯ ಜಾಗ. ಅಲ್ಲಿ ಸಾಲಾಗಿ ಇಟ್ಟ ಗಡಿಯಾರಗಳ ಅಕ್ಷರಗಳ ಅಂಚು, ಅಂಕಿಗಳ ಅಂತರ ಗಮನಿಸಿ ಬಂದವರಿಗೆ ಬಣ್ಣ ಬಳಿದ ಡಯಲು ಮೋಸ ಮಾಡುವುದು ಕಷ್ಟ.

ಇನ್ನು ಹರಾಜಿನ ರೀತಿ. ನಮ್ಮ ಕಡೆಯವರಿಗೆ ಲಿಲಾವು ಹೊಸದಲ್ಲ. ಬೆಲ್ಲದ ಪೇಟೆ, ಜಾತ್ರೆಯ ತೆಂಗಿನಕಾಯಿ, ಎಲ್ಲ ಕಡೆ ಸವಾಲು ಕೂಗಿ ಗೊತ್ತು. ಗಡಿಯಾರದ ಹರಾಜಿನಲ್ಲಿ ಅದಕ್ಕಿಂತ ಬೇರೆಯಾದ ಎರಡು ಸಂಗತಿಗಳಿವೆ. ಇಂತಿಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರು ಮೊದಲೇ ಗುಟ್ಟಾಗಿ ಹೇಳಿಟ್ಟ ಕನಿಷ್ಠ ಬೆಲೆ ಇರಬಹುದು. ಸುತ್ತಿಗೆ ಬಿದ್ದ ಮೊತ್ತದ ಮೇಲೆ ಕೊಳ್ಳುವವರಿಂದ ಸಂಸ್ಥೆ ಬೇರೆಯಾಗಿ ಕಮಿಷನ್ನು ವಸೂಲಿ ಮಾಡುತ್ತದೆ, ತೆರಿಗೆ ಅದರ ಮೇಲೆ. ಮಾರುವವರಿಂದಲೂ ಒಂದು ಪಾಲು ಹೋಗುತ್ತದೆ. ಪತ್ರಿಕೆಯಲ್ಲಿ ಬರುವ ದೊಡ್ಡ ಮೊತ್ತದಲ್ಲಿ ಈ ಕಮಿಷನ್ನು ಸೇರಿರುವುದೇ ಹೆಚ್ಚು. ಅಷ್ಟೂ ಮಾಲೀಕನ ಕೈಗೆ ಬರುವುದಿಲ್ಲ. ಕೋಲ್ಕತ್ತದ ರಸೆಲ್ ಸ್ಟ್ರೀಟಿನಲ್ಲಿ 1940ರಿಂದ ನಡೆಯುತ್ತಿರುವ ರಸೆಲ್ ಎಕ್ಸ್‌ಚೇಂಜಿನಂಥ ಕಡೆ ಭಾನುವಾರ ಹೋಗಿ, ಏನನ್ನೂ ಕೊಳ್ಳದೆ ಹಿಂದಿನ ಸಾಲಿನಲ್ಲಿ ಕುಳಿತು ನೋಡುವುದರಿಂದ ಕಲಿಯುವಷ್ಟು ಯಾವ ಪುಸ್ತಕದಿಂದಲೂ ಕಲಿಯಲಾಗದು. ಯಾವ ವಸ್ತುವಿಗೆ ಕೂಗು ಏರುತ್ತದೆ, ಯಾವುದಕ್ಕೆ ಮಂಟಪ ಸುಮ್ಮನಾಗುತ್ತದೆ ಎಂಬುದು ಒಂದು ಬೆಳಗಿನಲ್ಲಿ ಅರ್ಥವಾಗುತ್ತದೆ.

ಕಾನೂನು ತಿಳಿಯದೆ ಮುಂದಡಿ ಇಡಬಾರದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಕರಕುಶಲ ವಸ್ತುಗಳು ಪುರಾವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಅಂದರೆ 1911ರ ಆ ರೂಪಾಯಿಯನ್ನು ಲಂಡನ್ನಿನ ಹರಾಜಿಗೆ ಕಳಿಸುವ ಕನಸು ಕಾಣುವಂತಿಲ್ಲ. ಒಂದು ವಸ್ತು ಪುರಾವಸ್ತು ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಹೊಲ ಉಳುವಾಗ, ಗೋಡೆ ಕೆಡವುವಾಗ ಸಿಕ್ಕ ನಾಣ್ಯದ ಗಡಿಗೆಗೆ 1878ರ ನಿಧಿ ಕಾಯ್ದೆ ಅನ್ವಯಿಸುತ್ತದೆ; ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಾನು ಕಂಡಂತೆ ಈ ಭಾಗದಲ್ಲಿ ಬಹಳ ಜನ ಹೆದರಿ ಮುಚ್ಚಿಡುತ್ತಾರೆ, ಇಲ್ಲವೇ ಹೆದರಿ ಕರಗಿಸುತ್ತಾರೆ. ಮನೆಯ ಹಿರಿಯರಿಂದ ಬಂದ ಗಡಿಯಾರ, ನಾಣ್ಯ ಇಟ್ಟುಕೊಂಡಿರುವುದು ಅಪರಾಧವಲ್ಲ. ಮಾರಬೇಕೆಂದರೆ ಪರವಾನಗಿ ಇರುವ ಭಾರತದ ಹರಾಜು ಸಂಸ್ಥೆಗಳಲ್ಲಿ ದಾರಿ ಇದ್ದೇ ಇದೆ.

ಇಲ್ಲಿಯ ಮನೆಗಳಿಗೆ ಇನ್ನೊಂದು ಅನುಕೂಲವೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಲ್ಹಾಪುರ ಸಂಸ್ಥಾನದ ಕಾಲದಲ್ಲಿ ಸಾಹುಕಾರರ ಲೆಕ್ಕದ ವಹಿಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದವು. ಗಡಿಯಾರ ಯಾವ ವರ್ಷ, ಯಾವ ಪೇಟೆಯಿಂದ, ಎಷ್ಟು ರೂಪಾಯಿ ಆಣೆಗೆ ಮನೆಗೆ ಬಂತು ಎಂಬುದು ಅಂಥ ವಹಿಯ ಯಾವುದೋ ಪುಟದಲ್ಲಿ ಇರಬಹುದು. ಕೆಲವು ಮನೆಗಳ ಅಟ್ಟದಲ್ಲಿ ಆ ಕೆಂಪು ಬಟ್ಟೆಯ ವಹಿಗಳನ್ನು ನಾನು ನೋಡಿದ್ದೇನೆ. ಗಡಿಯಾರವನ್ನು ವ್ಯಾಪಾರಿಗೆ ತೋರಿಸುವ ಮೊದಲು ವಹಿಯನ್ನು ಮೋಡಿ ಬಲ್ಲವರಿಗೆ ತೋರಿಸಬೇಕು. ಗಡಿಯಾರದ ನಂಬರು, ಡಯಲಿನ ಹೆಸರು, ಹಿಂಹಲಗೆಯ ಚೀಟಿ ಎಲ್ಲದರ ಫೋಟೋ ತೆಗೆದು, ಅದು ಮನೆಗೆ ಬಂದ ಬಗೆಯನ್ನು ಮನೆಯ ಅಜ್ಜಿಯಿಂದ ಕೇಳಿ, ಇಸವಿ, ಊರು, ಹೆಸರುಗಳ ಸಮೇತ ಅವರ ಸಹಿ ಹಾಕಿಸಿ, ಆ ಕಾಗದವನ್ನು ಪೆಟ್ಟಿಗೆಯ ಒಳಗೇ ಇಡಬೇಕು. ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು.